ಅಟ್ಟದ ಕೆಳಗಿನ ಜಿಮ್ಮು ಮತ್ತು ಸೋದರಮಾವನ ಸೊಂಟ

ನನ್ನ ಅಕ್ಕನ ಮಗಳು ವೀಣಾಳ ಮದುವೆ ನಿಶ್ಚಯವಾದಾಗ ನನಗೆ ಬಹಳ ಸಂತೋಷವಾಯಿತು. ಆ ಸಂತೋಷ ಬೇಲೂರಿನಿಂದ ಅಕ್ಕನ ಫೋನು ಬರುವವರೆಗೂ ಇತ್ತು.

"ಲೋ ಶಂಕ್ರ, ಹುಡುಗೀನ ರೂಮಿಂದ ಮಂಟಪಕ್ಕೆ ನೀನು ಎತ್ಕೊಂಡು ಬರಬೇಕು ಕಣೋ. ಸೋದರಮಾವ ಅಂತ ಇರೋನು ನೀನೊಬ್ಬನೇ."

"ಎತ್ಕೊಂಡಾ? ಕೈ ಹಿಡಿದು ಕರ್ಕೊಂಡು ಬಂದ್ರೆ ಸಾಲ್ದಾ ಅಕ್ಕ? ಈಗೆಲ್ಲ ಹಂಗೇ ಮಾಡ್ತಾರೆ."

"ಏನ್ ಹಂಗೇ ಮಾಡ್ತಾರೆ? ಅವಳಿಗೆ ಕಿವಿ ಚುಚ್ಚಿಸಿದ ದಿನ ನೀನೇ ಎಲ್ಲರ ಮುಂದೆ ಹೇಳಿದ್ದೆ, ಮದುವೆ ದಿನ ಹಿಂಗೇ ತೋಳ ಮೇಲೆ ಕರ್ಕೊಂಡು ಹೋಗ್ತೀನಿ ಅಂತ. ಮರೆತುಬಿಟ್ಯಾ?"

ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಓದಿದವನು. ಅರಸೀಕೆರೆಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದೆ. ಆಧಾರವಿಲ್ಲದೆ ಏನನ್ನೂ ನಂಬಬೇಡಿ ಎಂದು ಹುಡುಗರಿಗೆ ಬೋಧಿಸುವುದಕ್ಕೇ ನನಗೆ ಸಂಬಳ. ಈ ನಿಯಮವನ್ನು ನನ್ನ ನೆನಪಿಗೂ ಅನ್ವಯಿಸಿಕೊಂಡ ದಿನದಿಂದ ನನಗೆ ನೆಮ್ಮದಿ ಇಲ್ಲ. ಹಾಗೆ ಮಾತು ಕೊಟ್ಟ ನೆನಪು ನನಗಿರಲಿಲ್ಲ. ಕೊಡಲಿಲ್ಲ ಎಂಬ ನೆನಪೂ ಇರಲಿಲ್ಲ. ಅಕ್ಕನ ನೆನಪಾದರೋ ಕಲ್ಲಿನಲ್ಲಿ ಕೆತ್ತಿದ್ದು. ಬೇಲೂರಿನಲ್ಲಿ ಸಂಸಾರ ಮಾಡುವವಳಲ್ಲವೇ!

"ಗಂಡಿನ ಕಡೆಯೋರು ಬಾಣಾವರದವರು," ಎಂದಳು ಅಕ್ಕ. "ಅವರ ಹುಡುಗಿ ಮದುವೇಲಿ ಸೋದರಮಾವ ಎತ್ಕೊಂಡು ಮಂಟಪ ಒಂದು ಸುತ್ತು ಹಾಕಿದ್ನಂತೆ. ನಿಶ್ಚಿತಾರ್ಥದಲ್ಲಿ ಅದೇ ಮಾತು. ನಮ್ಮ ಶಂಕ್ರನೂ ಎತ್ತುತಾನೆ ಅಂತ ನಾನು ಹೇಳಿಬಿಟ್ಟಿದ್ದೀನಿ. ನನ್ನ ಮಾನ ನಿನ್ನ ಕೈಯಲ್ಲೈತೆ ಕಣೋ."

ಅಕ್ಕನ ಮಾನವನ್ನು ನಾನು ಹೇಗೋ ಹೊರಬಲ್ಲೆ. ಅಕ್ಕನ ಮಗಳ ವಿಷಯವೇ ಬೇರೆ. ವೀಣಾ ಕಾಲೇಜಿನ ಕಬಡ್ಡಿ ತಂಡದ ನಾಯಕಿಯಾಗಿದ್ದವಳು. ಮೂವರು ಕಾಲಿಗೆ ಜೋತುಬಿದ್ದರೂ ಅವರನ್ನೂ ಎಳೆದುಕೊಂಡೇ ಬಂದು ಗೆರೆ ಮುಟ್ಟುವ ಹುಡುಗಿ. ನಾನು ಹಾಜರಿ ಪುಸ್ತಕಕ್ಕಿಂತ ಭಾರವಾದದ್ದನ್ನು ಎತ್ತಿ ಎಷ್ಟೋ ವರ್ಷಗಳಾಗಿದ್ದವು.

ನನ್ನ ಹೆಂಡತಿ ಗಿರಿಜಾ ಪ್ರಾಯೋಗಿಕ ಬುದ್ಧಿಯವಳು. "ಮೊದಲು ಆ ಗ್ಯಾಸ್ ಸಿಲಿಂಡರ್ ಎತ್ತಿ ನೋಡ್ರೀ," ಎಂದಳು.

ಪಂಚೆ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು, ಸಿಲಿಂಡರನ್ನು ತಬ್ಬಿಕೊಂಡೆ. ಅದು ಅಲುಗಾಡಲಿಲ್ಲ. ನಾನು ಅಲುಗಾಡಿದೆ.

"ತುಂಬಿದ ಸಿಲಿಂಡರ್ ಯಾರು ತಾನೇ ಎತ್ತುತಾರೆ?" ಎಂದೆ ಏದುಸಿರು ಬಿಡುತ್ತ.

"ತುಂಬಿದ್ದು ಒಲೆ ಹತ್ರ ಐತೆ. ಅದು ಖಾಲೀದು ಕಣ್ರೀ."

ಮರುದಿನ ಬೆಳಿಗ್ಗೆ ನಾನು ಜಿಮ್ಮಿಗೆ ಸೇರಿದೆ.

ಆಗ ಅರಸೀಕೆರೆಯಲ್ಲಿ ಜಿಮ್ಮು ಎಂಬುದು ಹೊಸ ಮಾತು. ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದು ಬಂದ ಪ್ರದೀಪ ಎಂಬ ತರುಣ ಅದನ್ನು ತೆರೆದಿದ್ದ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನಾದರೂ ಅವನ ತೋಳು ನೋಡಿದ ಮೇಲೆ ಎದುರಿಗೆ ಏಕವಚನ ಬಾಯಿಗೆ ಬರುತ್ತಿರಲಿಲ್ಲ. ಎಲ್ಲರಂತೆ ನಾನೂ ಮಾಸ್ಟರ್ ಎಂದೇ ಕರೆದೆ.

ಜಿಮ್ಮು ಇದ್ದದ್ದು ಮಂಡಿ ರುದ್ರಪ್ಪನವರ ಹಳೆಯ ಗೋದಾಮಿನಲ್ಲಿ. ರುದ್ರಪ್ಪನವರು ಕೆಳಗಿನ ಜಾಗವನ್ನು ಮಾತ್ರ ಬಾಡಿಗೆಗೆ ಕೊಟ್ಟಿದ್ದರು. ಮೇಲಿನ ಅಟ್ಟದ ತುಂಬ ಅವರ ತೋಟದ ತೆಂಗಿನಕಾಯಿ. ನಮ್ಮ ಕಡೆ ಕೊಬ್ಬರಿ ಆಗುವ ಕ್ರಮವೇ ಹಾಗೆ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷದವರೆಗೆ ಮುಟ್ಟದೆ ಬಿಟ್ಟರೆ, ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಚಿಪ್ಪಿನಿಂದ ಬಿಡಿಸಿಕೊಂಡು, ಉಂಡೆ ಕೊಬ್ಬರಿಯಾಗಿ ಗಟಗಟ ಸದ್ದು ಮಾಡುತ್ತದೆ. ನಡುವೆ ಬಿದ್ದು ಚಿಪ್ಪು ಬಿರಿದರೆ ಕೊಳೆಯುತ್ತದೆ. ಆ ಅಟ್ಟ ನಿಂತಿದ್ದು ನೆಲದಿಂದ ಎದ್ದ ಮರದ ಕಂಬಗಳ ಮೇಲೆ. ಆದ್ದರಿಂದ ರುದ್ರಪ್ಪನವರದು ಒಂದೇ ಷರತ್ತು.

"ಏನಾರ ಮಾಡ್ಕಳಿ. ನೆಲ ಅದುರಬಾರ್ದು. ಮೇಲೆ ಕಾಯಿ ಮಲಗವೆ."

ಮನೆಯಲ್ಲಿ ಹಸುಗೂಸು ಮಲಗಿದ್ದರೆ ಹೇಗೋ ಹಾಗಿತ್ತು ನಮ್ಮ ಜಿಮ್ಮು. ಎಂಥ ಪೈಲ್ವಾನನಾದರೂ ಎತ್ತಿದ ಕಬ್ಬಿಣವನ್ನು ಕೆಳಗಿಡುವಾಗ ದೇವರ ಮುಂದೆ ಹಣ್ಣುಕಾಯಿ ತಟ್ಟೆ ಇಟ್ಟಂತೆ ಇಡುತ್ತಿದ್ದ.

ನಾನು ಸೋದರಮಾವನ ಸಮಸ್ಯೆಯನ್ನು ಮಾಸ್ಟರಿಗೆ ವಿವರಿಸಿದೆ. ಅವನು ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಕೂಡಲೇ ಬಿಟ್ಟುಬಿಟ್ಟ.

"ಸಾರ್, ನಿಮಗೆ ಈಗ್ಲೇ ಕಬ್ಬಿಣ ಬೇಡ. ಫಸ್ಟ್ ಬಾಡಿ ಸ್ವಲ್ಪ ಲೂಸ್ ಆಗ್ಲಿ. ಏರೋಬಿಕ್ಸ್ ಕ್ಲಾಸಿಗೆ ಬನ್ನಿ."

ಏರೋಬಿಕ್ಸ್ ಎಂದರೆ ಟೇಪ್‌ರೆಕಾರ್ಡರಿನ ತಾಳಕ್ಕೆ ಎಲ್ಲರೂ ಸಾಲಾಗಿ ನಿಂತು ಒಟ್ಟಿಗೆ ಕೈಕಾಲು ಆಡಿಸುವುದು. ನಮ್ಮಲ್ಲಿ ಅದಕ್ಕೊಂದು ತಿದ್ದುಪಡಿ ಇತ್ತು. ಕುಣಿಯಬೇಕು, ಆದರೆ ನೆಲ ಬಿಟ್ಟು ಏಳಬಾರದು. ಕೊಬ್ಬರಿ ವರ್ತಕರು, ರೈಲ್ವೆ ನೌಕರರು, ಒಂದಿಬ್ಬರು ಗುಮಾಸ್ತರು, ಇಷ್ಟು ಜನ ಗಂಡಸರು ಬೆಳಗಿನ ಹೊತ್ತಿನಲ್ಲಿ ಬರಿಗಾಲಲ್ಲಿ, ಕಳ್ಳ ಬೆಕ್ಕುಗಳಂತೆ, ಸದ್ದಿಲ್ಲದೆ ಕುಣಿಯುತ್ತಿದ್ದ ಆ ದೃಶ್ಯ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ಅಥವಾ ಕಟ್ಟಿದೆ ಎಂದು ನಾನು ಅಂದುಕೊಂಡಿದ್ದೇನೆ. ಗಿರಿಜಾಳ ಪ್ರಕಾರ ನಾನು ಮನೆಗೆ ಬಂದು ಹೇಳುತ್ತಿದ್ದದ್ದು ಬೇರೆ: "ಕ್ಲಾಸಲ್ಲಿ ನನ್ನಷ್ಟು ಚೆನ್ನಾಗಿ ಯಾರೂ ಮಾಡಲ್ಲ ಕಣೇ!"

ಮೊದಲ ದಿನವೇ ಒಂದು ಸೈದ್ಧಾಂತಿಕ ತೊಡಕು ಎದುರಾಯಿತು. ಮಾಸ್ಟರು ನಮ್ಮ ಕಡೆ ಮುಖ ಮಾಡಿ ನಿಂತು, "ಬಲಗಡೆ!" ಎಂದು ಕೂಗಿ, ತನ್ನ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ, ಸರಿದ.

ನಾನು ಕೈ ಎತ್ತಿದೆ. "ಬಲ ಅಂದ್ರೆ ನಮ್ಮ ಬಲವೋ, ನಿಮ್ಮ ಬಲವೋ?"

"ನಾನು ಯಾವ ಕಡೆ ಹೋಗ್ತೀನೋ ಆ ಕಡೆ ಬನ್ನಿ ಸಾರ್."

"ಹಾಗಾದ್ರೆ ಬಲ ಅಂತ ಯಾಕೆ ಹೇಳಬೇಕು? ಸುಮ್ನೆ ಹೋದ್ರೆ ಸಾಲ್ದಾ?"

ಇಷ್ಟರಲ್ಲಿ ಟೇಪ್‌ರೆಕಾರ್ಡರು ನಮಗಾಗಿ ಕಾಯದೆ ಮುಂದೆ ಹೋಗಿತ್ತು. ಅರ್ಧ ಕ್ಲಾಸು ನನ್ನ ವಾದ ಒಪ್ಪಿ ಒಂದು ಕಡೆಗೂ, ಇನ್ನರ್ಧ ಮಾಸ್ಟರನ್ನು ನಂಬಿ ಇನ್ನೊಂದು ಕಡೆಗೂ ಸರಿದು, ನಡುವೆ ಇಬ್ಬರು ವರ್ತಕರು ಹೊಟ್ಟೆಗೆ ಹೊಟ್ಟೆ ತಾಗಿಸಿಕೊಂಡು ನಿಂತರು. ಅಂದಿನಿಂದ ನನಗೆ ಕಟ್ಟಕಡೆಯ ಸಾಲಿನ ಮೂಲೆ ಖಾಯಂ ಆಯಿತು. ಅಟ್ಟದ ಒಂದು ಕಂಬದ ಪಕ್ಕ.

ಆ ಜಾಗ ನನಗೆ ಹಿಡಿಸಿತು. ಮುಂದಿನವರ ಬೆನ್ನು ನೋಡಿಕೊಂಡು ಅವರು ಮಾಡಿದ್ದನ್ನು ಒಂದು ಕ್ಷಣ ತಡವಾಗಿ ಮಾಡಿದರಾಯಿತು. ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಎಂಬುದು ನನ್ನ ತಲೆಯಲ್ಲಿ ಎಂದೂ ನಿಲ್ಲಲಿಲ್ಲ, ನಿಲ್ಲಬೇಕಾದ ಅಗತ್ಯವೂ ಬೀಳಲಿಲ್ಲ. ಮದುವೆಗೆ ಇನ್ನೊಂದು ವಾರವಿದೆ ಎನ್ನುವಾಗ ಖಾಲಿ ಸಿಲಿಂಡರು ಮೊಣಕಾಲಿನವರೆಗೆ ಬಂತು. ನನಗೆ ಧೈರ್ಯ ಬಂತು. ಅಕ್ಕನಿಗೆ ಫೋನು ಮಾಡಿ, "ಮಂಟಪಕ್ಕೆ ಒಂದಲ್ಲ, ಎರಡು ಸುತ್ತು ಹಾಕ್ತೀನಿ!" ಎಂದುಬಿಟ್ಟೆ.

ಅದರ ಮರುದಿನವೇ ಮಾಸ್ಟರಿಗೆ ಹೊಸ ಉತ್ಸಾಹ ಬಂತು.

"ಇವತ್ತು ಒಂದು ಚೇಂಜ್! ಎಲ್ಲಾರೂ ಹಿಂದಕ್ಕೆ ತಿರುಗಿ!"

ಎಲ್ಲರೂ ತಿರುಗಿದರು. ನಾನೂ ತಿರುಗಿದೆ. ನನ್ನೆದುರಿಗೆ ಗೋಡೆ ಇತ್ತು. ಕಟ್ಟಕಡೆಯ ಸಾಲು ಮೊದಲ ಸಾಲಾಗಿತ್ತು. ನೋಡಿಕೊಳ್ಳಲು ನನ್ನ ಮುಂದೆ ಒಂದು ಬೆನ್ನೂ ಇರಲಿಲ್ಲ. ಬದಲಿಗೆ ಇಡೀ ಕ್ಲಾಸು ನನ್ನ ಬೆನ್ನು ನೋಡುತ್ತಿತ್ತು.

ಮೊದಲ ಹೆಜ್ಜೆ ಹೇಗೋ ಬಂತು. ಎರಡನೆಯದು ಕೈಕೊಟ್ಟಿತು. ನಾನು ತಲೆ ಕೆರೆದುಕೊಂಡೆ. ಹಿಂದಿನಿಂದ ಸರಬರ ಸದ್ದು ಕೇಳಿ ಓರೆಗಣ್ಣಲ್ಲಿ ನೋಡಿದರೆ, ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು! ಗಾಬರಿಯಲ್ಲಿ ಕಂಬ ಹಿಡಿದುಕೊಂಡೆ. ಕೈಗೆ ಕಂಬ ಎಟುಕಿದವರೆಲ್ಲ ಹಿಡಿದುಕೊಂಡರು. ಎಟುಕದವರು ಪಕ್ಕದವರನ್ನು ಹಿಡಿದುಕೊಂಡರು. ಮುಂದೇನು? ಕುಪ್ಪಳಿಸುವುದರ ಬಗ್ಗೆ ಮಾಸ್ಟರು ಹಿಂದಿನ ದಿನ ಬಹಳ ಹೊತ್ತು ಮಾತಾಡಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಏನು ಮಾತಾಡಿದ್ದ ಎಂಬುದು ನೆನಪಿರಲಿಲ್ಲ.

ಕುಪ್ಪಳಿಸಿದೆ.

ನನ್ನ ಹಿಂದೆ ಅರಸೀಕೆರೆಯ ವರ್ತಕ ಸಮುದಾಯ ಒಗ್ಗಟ್ಟಾಗಿ ಕುಪ್ಪಳಿಸಿತು.

ಮೊದಲು ಒಂದು ಕಾಯಿ ಬಿತ್ತು. ದುಬ್! ಟೇಪ್‌ರೆಕಾರ್ಡರು ಹಾಡು ನಿಲ್ಲಿಸಿತು. ಆಮೇಲೆ ಅಟ್ಟದ ಅಂಚಿನ ಹಲಗೆ ನರಳಿ ಕೆಳಗೆ ಬಾಗಿತು. "ಆಚೆ ಓಡಿ!" ಎಂದು ಮಾಸ್ಟರು ಅರಚಿದ. ಎಲ್ಲರೂ ಓಡಿದರು. ವರ್ಷಾನುಗಟ್ಟಲೆ ಮಂಡಿಯಲ್ಲಿ ಕೂತೇ ಇದ್ದವರು ಅಂಥ ವೇಗದಲ್ಲಿ ಓಡಿದ್ದು ಆ ಜಿಮ್ಮಿನ ಅತಿ ದೊಡ್ಡ ಸಾಧನೆ. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ನಾನೂ ಬಾಗಿಲ ತನಕ ಕ್ಷೇಮವಾಗಿ ಬಂದಿದ್ದೆ. ಅಲ್ಲಿಗೆ ಉರುಳಿಕೊಂಡು ಬಂದಿದ್ದ ಒಂದು ಕಾಯಿಯ ಮೇಲೆ ಕಾಲಿಟ್ಟು, ಇನ್ನೊಂದರ ಮೇಲೆ ಕುಳಿತೆ.

ಸುದ್ದಿ ಮುಟ್ಟಿ ರುದ್ರಪ್ಪನವರು ಧಾವಿಸಿ ಬಂದರು. ಅಂಗಾತ ಬಿದ್ದಿದ್ದ ನನ್ನನ್ನು ದಾಟಿಕೊಂಡು ಹೋಗಿ, ಒಂದೊಂದೇ ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ನೀರೈತೆ... ಇದ್ರಲ್ಲೂ ನೀರೈತೆ... ಇದು ಬಿರೀತು..."

ಕೊನೆಗೆ ನನ್ನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ನನ್ನ ಸೊಂಟದಿಂದ ಲಟಕ್ ಎಂದು ದೊಡ್ಡ ಸದ್ದು ಬಂತು. ರುದ್ರಪ್ಪನವರು ಕಿವಿ ಕೊಟ್ಟು ಕೇಳಿದರು.

"ಮೇಷ್ಟ್ರು ಚೆನ್ನಾಗಿ ಒಣಗವ್ರೆ ಕಣ್ಲಾ," ಎಂದರು ಮಾಸ್ಟರಿಗೆ.

ಮನೆಯಲ್ಲಿ ಗಿರಿಜಾ ಎಣ್ಣೆ ಕಾಯಿಸಿ ಉಜ್ಜುತ್ತ, "ಅಕ್ಕಂಗೆ ಫೋನ್ ಮಾಡಿ ನಿಜ ಹೇಳಿಬಿಡ್ರೀ. ಇನ್ನೂ ಟೈಮೈತೆ," ಎಂದಳು.

"ಹೇಳ್ತೀನಿ."

"ಇವತ್ತೇ ಹೇಳಿ."

"ಹೇಳ್ತೀನಿ ಕಣೇ."

ಹೇಳಲಿಲ್ಲ. ಎರಡು ಸುತ್ತು ಎಂದಿದ್ದವನು ಯಾವ ಬಾಯಲ್ಲಿ ಹೇಳುವುದು? ಮದುವೆಯ ದಿನದ ಹೊತ್ತಿಗೆ ಸರಿಹೋಗುತ್ತದೆ ಎಂದು ನನ್ನ ವಿದ್ಯಾಭ್ಯಾಸಕ್ಕೆಲ್ಲ ವಿರುದ್ಧವಾಗಿ ನಂಬಿದೆ.

ಬೇಲೂರಿನ ಛತ್ರ ತುಂಬಿತ್ತು. ನಾನು ರೇಷ್ಮೆ ಪಂಚೆ, ಶಲ್ಯ, ಒಳಗೆ ಸೊಂಟಕ್ಕೆ ಬಿಗಿಯಾಗಿ ಪಟ್ಟಿ ಧರಿಸಿ ವಧುವಿನ ಕೋಣೆಯ ಬಾಗಿಲಲ್ಲಿ ನಿಂತೆ. ನಿಶ್ಚಿತಾರ್ಥದ ದಿನ ಕಾಲೇಜಿನಲ್ಲಿ ಪರೀಕ್ಷೆ ಇದ್ದದ್ದರಿಂದ ನಾನು ಹೋಗಿರಲಿಲ್ಲ, ಹಾಗಾಗಿ ಬಾಣಾವರದವರಿಗೆ ನನ್ನ ಮುಖಪರಿಚಯ ಇರಲಿಲ್ಲ. ಅವರೆಲ್ಲ ಕುರ್ಚಿ ತಿರುಗಿಸಿಕೊಂಡು ನೋಡುತ್ತಿದ್ದರು. ವೀಣಾ ಹೊರಗೆ ಬಂದಳು. ಸೀರೆ, ಒಡವೆ, ಹೂವಿನ ಹಾರ ಎಲ್ಲ ಸೇರಿ ಹುಡುಗಿಯ ತೂಕ ಮತ್ತಷ್ಟು ಏರಿತ್ತು.

"ಎತ್ತೋ!" ಎಂದಳು ಅಕ್ಕ ಹಲ್ಲು ಕಚ್ಚಿಕೊಂಡು.

ನಾನು ಬಗ್ಗಿದೆ. ಬಗ್ಗುವುದು ಸಲೀಸಾಗಿ ಆಯಿತು. ಮೇಲೇಳುವುದು ಆಗಲಿಲ್ಲ. ಬೆನ್ನು ಅರ್ಧದಲ್ಲಿ ಬೀಗ ಹಾಕಿಕೊಂಡಿತು. ಕಣ್ಣಲ್ಲಿ ನೀರು ಬಂತು.

"ಲೋ ಶಂಕ್ರ, ಎತ್ತೋ! ಎಲ್ಲಾ ನೋಡ್ತಾವ್ರೆ!" ಎಂದು ಅಕ್ಕ ಪಿಸುಗುಟ್ಟಿದಳು.

ವೀಣಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಮಾವ, ಹಿಡ್ಕೊಂಡುಬಿಡ್ತಾ?"

"ಹೂಂ."

"ಏಳೋಕೆ ಹೋಗ್ಬೇಡಿ. ನನ್ನ ಕೈ ಗಟ್ಟಿಯಾಗಿ ಹಿಡ್ಕೊಳಿ. ನಾನು ಕರ್ಕೊಂಡು ಹೋಗ್ತೀನಿ."

ಹೀಗೆ ಕಬಡ್ಡಿ ನಾಯಕಿ ತನ್ನ ಸೋದರಮಾವನನ್ನು ಎಳೆದುಕೊಂಡು ಮಂಟಪದ ಗೆರೆ ಮುಟ್ಟಿಸಿದಳು. ನಾನು ಬಗ್ಗಿದವನು ಬಗ್ಗಿದಂತೆಯೇ, ಕಣ್ಣೀರು ಸುರಿಸುತ್ತ, ಅವಳ ಕೈಗೆ ಜೋತುಬಿದ್ದು ಹೆಜ್ಜೆ ಹಾಕಿದೆ. ಮಂಟಪದ ಪಕ್ಕ ಯಾರೋ ಕುರ್ಚಿ ತಂದಿಟ್ಟರು. ನಾನು ಅದರಲ್ಲಿ ಮಡಿಸಿಕೊಂಡು ಕುಳಿತೆ. ಅಕ್ಕನ ಕಡೆ ನೋಡುವ ಧೈರ್ಯ ಇರಲಿಲ್ಲ. ಅವಳ ಮಾನವನ್ನು ಇಡೀ ಛತ್ರದ ಎದುರು ಕೆಳಗೆ ಹಾಕಿದ್ದೆ.

ಆಗ ವರನ ದೊಡ್ಡಮ್ಮ, ಬಾಣಾವರದ ಹಿರಿಯ ಹೆಂಗಸು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಕ್ಕನ ಬಳಿಗೆ ಬಂದರು.

"ನಮ್ಮ ಕಡೆ ಸೋದರಮಾವ ಎತ್ಕಂಡಿದ್ದು ಏನ್ ದೊಡ್ಡದು ಬಿಡವ್ವ, ವಯಸ್ನ ಹುಡ್ಗ, ಎತ್ತಿದ. ಈ ವಯಸ್ನಾಗೆ ನಿಂತ್ಕಳಕ್ಕೂ ಆಗ್ದೆ ಇದ್ರೂ ಮೊಮ್ಮಗಳ ಕೈ ಹಿಡ್ಕಂಡು ಬಂದ್ರಲ್ಲ ಆ ತಾತ, ಅದು ಪ್ರೀತಿ ಅಂದ್ರೆ! ನಂಗೆ ಅಳು ತಡ್ಯಕ್ಕಾಗ್ಲಿಲ್ಲ. ಯಾರವ್ವ ಅವ್ರು?"

ನನಗೆ ಆಗ ನಲವತ್ತೆರಡು ವರ್ಷ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳು ನನ್ನನ್ನು ಒಂದು ಸಲ ನೋಡಿದಳು. ಬಾಣಾವರದವರ ಒದ್ದೆ ಕಣ್ಣುಗಳನ್ನು ಒಂದು ಸಲ ನೋಡಿದಳು.

"ನಮ್ಮ ಚಿಕ್ಕಪ್ಪ," ಎಂದಳು.

ನಾನು ಗಾಬರಿಯಿಂದ ಹೆಂಡತಿಯ ಕಡೆ ತಿರುಗಿದೆ. ಗಿರಿಜಾ ತಕ್ಷಣ ತಲೆಯ ಮೇಲೆ ಸೆರಗು ಹೊದ್ದು, "ಕಾಫಿ ಕುಡೀತೀರಾ ಮಾವನೋರೇ?" ಎಂದು ಕೇಳಿದಳು.

ಮೊದಲ ಪಂಕ್ತಿಯಲ್ಲಿ, ಹಿರಿಯರ ಸಾಲಿನಲ್ಲಿ, ನನ್ನನ್ನು ಇಬ್ಬರು ಹಿಡಿದು ಕೂರಿಸಿದರು. ವರನ ದೊಡ್ಡಮ್ಮ ತಾವೇ ಮುಂದೆ ನಿಂತು ಬಡಿಸುವವನಿಗೆ ಅಪ್ಪಣೆ ಮಾಡಿದರು: "ತಾತಂಗೆ ಮೆತ್ತಗಿರೋ ಹೋಳಿಗೆ ನೋಡಿ ಹಾಕಪ್ಪ. ತುಪ್ಪದಾಗೆ ಕಿವುಚಿ ಕೊಡು. ಹಲ್ಲು ಅವ್ಯೋ ಇಲ್ವೋ."

ಎದುರು ಸಾಲಿನಿಂದ ಅಕ್ಕ ಕಣ್ಣಲ್ಲೇ ಬೇಡಿಕೊಂಡಳು. ನಾನು ಕೆನ್ನೆ ಒಳಕ್ಕೆ ಎಳೆದುಕೊಂಡು, ನಾಲ್ಕು ಹೋಳಿಗೆಯನ್ನು ಒಸಡಿನಲ್ಲೇ ತಿಂದೆ.