ಕಿವಿಗೆ ಹತ್ತಿಯಿಟ್ಟು ಆರಿಸಿದ ಸಿನಿಮಾ

ಕಿವಿ ಮುಚ್ಚಿಕೊಂಡು ಸಿನಿಮಾ ಆರಿಸುತ್ತಿದ್ದ ಮನುಷ್ಯ ಇಡೀ ಜಿಲ್ಲೆಯಲ್ಲಿ ನಮ್ಮ ದೊಡ್ಡಪ್ಪ ಒಬ್ಬರೇ! ಹೆಮ್ಮೆಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ನಮಗೇ ತಿಳಿಯುತ್ತಿರಲಿಲ್ಲ.

ಅರವತ್ತರ ದಶಕದ ಮಾತು. ಬಂಟ್ವಾಳದ ವಾಚನಾಲಯದಲ್ಲಿ ಪುಸ್ತಕದ ಜೊತೆಗೆ ಸಿನಿಮಾ ರೀಲುಗಳನ್ನೂ ಎರವಲು ಕೊಡುತ್ತಿದ್ದರು. ಜೇನು ಸಾಕಣೆ, ಅಣೆಕಟ್ಟು, ಸೊಳ್ಳೆ ನಿರ್ಮೂಲನ, ಇಂಥವೇ. ವಿವರಣೆಯೆಲ್ಲ ಹಿಂದಿಯಲ್ಲಿ! ಬೆಳ್ತಂಗಡಿ ಕಡೆಯ ನಮ್ಮೂರ ಶಾಲೆಗೆ ತಿಂಗಳಿಗೊಂದು ರೀಲು ತರುವ ಕೆಲಸವನ್ನು ಯುವಕ ಮಂಡಲ ದೊಡ್ಡಪ್ಪನಿಗೆ ವಹಿಸಿತ್ತು. ಪ್ರೊಜೆಕ್ಟರ್ ತಿರುಗಿಸುವ ಕೆಲಸ ಆ ಶಾಲೆಯ ಮಾಷ್ಟ್ರಾದ ನನ್ನದು.

ತರುವ ಮೊದಲು ಅಲ್ಲಿಯೇ ಹಾಕಿ ನೋಡಬಹುದಿತ್ತು. ದೊಡ್ಡಪ್ಪ ಜೇಬಿನಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿ ಕುಳಿತುಬಿಡುತ್ತಿದ್ದರು.

"ಎಂತ ಮಾರಾಯ್ರೇ, ಕಿವಿನೋವಾ?" ಎಂದರು ವಾಚನಾಲಯದವರು.

ಹತ್ತಿಯೊಳಗೆ ಏನು ಕೇಳೀತು! "ಇದು ಬೇಡ. ಒಬ್ಬ ನಿಂತು ಮಾತಾಡ್ತಾನೆ ಅಷ್ಟೆ. ನೋಡ್ಲಿಕ್ಕೆ ಎಂತ ಉಂಟು ಇದ್ರಲ್ಲಿ?" ಎಂದು ಮುಂದಿನದನ್ನು ಹಾಕಿಸಿದರು.

ಹಾಗೆ ಆರಿಸಿ ತಂದದ್ದು ಹಲ್ಲುಜ್ಜುವ ಕ್ರಮದ ಚಿತ್ರ. ಮುಂದಿನ ಬೆಂಚಿನ ಅಜ್ಜಂದಿರಲ್ಲಿ ಒಬ್ಬರಿಗೂ ಹಲ್ಲಿರಲಿಲ್ಲ!

ಇದೆಲ್ಲ ದೊಡ್ಡಮ್ಮನಿಗಾಗಿ ಎಂದು ಮನೆಯವರಿಗೆ ಗೊತ್ತಿತ್ತು. ವಿಷಮಶೀತ ಜ್ವರದಲ್ಲಿ ಅವರ ಎರಡೂ ಕಿವಿ ಹೋಗಿ ಎರಡು ವರ್ಷವಾಗಿತ್ತು. ಎಲ್ಲರೂ ನಕ್ಕಾಗ ತಾನೊಬ್ಬಳೇ ಪಿಳಿಪಿಳಿ ನೋಡುವುದು ನಾಚಿಕೆಯೆಂದು ಮದುವೆಗೂ ಹೋಗುತ್ತಿರಲಿಲ್ಲ. ಸ್ವರ ಏರಿತೋ ಇಳಿಯಿತೋ ತಿಳಿಯದೆಂದು ಮಾತನ್ನೂ ಬಿಟ್ಟು ಕೈಸನ್ನೆ ಹಿಡಿದಿದ್ದರು. ಅವರು ಒಮ್ಮೆ ಬಂದು ಜನರ ನಡುವೆ ಕುಳಿತರೆ ಸಾಕೆಂದು ದೊಡ್ಡಪ್ಪನ ಹಟ. ಪ್ರತಿ ತಿಂಗಳೂ ಕರೆಯುತ್ತಿದ್ದರು, ದೊಡ್ಡಮ್ಮ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು.

ಕೊನೆಗೆ ಯುವಕ ಮಂಡಲದ ಕಾರ್ಯದರ್ಶಿ ರೇಗಿದ. "ಈ ಸಲವೂ ಹಾಡಿನ ಚಿತ್ರ ಬರ್ಲಿಲ್ಲಾಂತಾದ್ರೆ ಮುಂದಿನ ತಿಂಗಳು ಬೇರೆಯವರನ್ನು ಕಳಿಸ್ತೇವೆ, ಆಯ್ತಾ?"

ದೊಡ್ಡಪ್ಪ ತಂದದ್ದೇನು? ದನದ ಸಂತೆ!

ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ರೀಲು ಹಾಕಿದೆ. ಅದೇನು ಮನಸ್ಸಾಯಿತೋ, ಅಂದು ದೊಡ್ಡಮ್ಮ ಬಂದು ಹಿಂದಿನ ಮೂಲೆಯಲ್ಲಿ ಮುದುಡಿ ಕುಳಿತಿದ್ದರು. ಪರದೆಯ ಮೇಲೆ ಮೀಸೆಯವನೊಬ್ಬ ಹಸು ಮಾರುತ್ತಿದ್ದ. ಹಿಂದಿ ತಿಳಿಯದ ಜನ ಆಕಳಿಸುತ್ತಿದ್ದರು. ಕಾರ್ಯದರ್ಶಿ ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟ.

"ಸುಳ್ಳು ಹೇಳ್ತಿದ್ದಾನೆ ಅವ!"

ಎಲ್ಲರೂ ತಿರುಗಿದರು. ಗಂಟಲು ಹರಿಯುವಂತೆ ಕೂಗಿದವರು ದೊಡ್ಡಮ್ಮ.

"ಮುಖ ನೋಡಿ ಅವನದ್ದು! ಆ ದನ ಒದೀತದೆ, ಅದಕ್ಕೇ ಹತ್ತಿರ ಹೋಗ್ಲಿಕ್ಕೆ ಬಿಡುದಿಲ್ಲ. ತಗೊಳ್ಳಬೇಡಿ!"

ಮರುಕ್ಷಣವೇ ಹಸು ಒದೆಯಿತು. ಶಾಲೆಯೇ ಬಿದ್ದುಹೋಗುವಂಥ ನಗು! ಎರಡು ವರ್ಷ ಬರೀ ಮುಖಗಳನ್ನೇ ಓದಿದ ಹೆಂಗಸಿಗೆ ಹಿಂದಿ ಯಾಕೆ ಬೇಕು? ಕಾರ್ಯದರ್ಶಿ ಅವರ ಎದುರೇ ಕುಕ್ಕುರುಗಾಲಲ್ಲಿ ಕುಳಿತು, "ಮತ್ತೆಂತ ಹೇಳ್ತಾನೆ ಅಕ್ಕಾ?" ಎಂದು ಕೈಯಾಡಿಸಿ ಕೇಳಿದ. ದೊಡ್ಡಮ್ಮ ಹೇಳುತ್ತಲೇ ಹೋದರು.

ದೊಡ್ಡಪ್ಪ ಮಾತ್ರ ಪರದೆಗೆ ಬೆನ್ನು ಹಾಕಿ ನನ್ನ ಪಕ್ಕದಲ್ಲಿ ನಿಂತಿದ್ದರು. "ಅವಳ ಸ್ವರ ಮರೆತೇ ಹೋಗಿತ್ತು ಮಾರಾಯ," ಎಂದರು.

ರೀಲು ಮುಗಿಯಿತು. "ಲೈಟು ಹಾಕಿ ಮಾಷ್ಟ್ರೇ!" ಎಂದು ಜನ ಕೂಗಿದರು. ದೊಡ್ಡಪ್ಪ ಶಾಲಿನಿಂದ ಮುಖ ಒರೆಸಿಕೊಂಡು ಮುಗಿಸುವವರೆಗೆ ನಾನು ಹಾಕಲಿಲ್ಲ.