ಮೊಬೈಲಿನಿಂದ ಮೊಬೈಲಿಗೆ ಹಾರಿದ ಮಾರಿ

ಒಂದೂರಲ್ಲಿ ಕಾಲು ನಿಲ್ಲದವ ನಾನು. ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ಫೋಟೋ, ಬ್ಯಾನರ್, ಝೆರಾಕ್ಸ್ ಅಂಗಡಿಗಳಲ್ಲಿ ಕೆಲಸ ಮಾಡುತ್ತ ತಿರುಗಿದ್ದೇನೆ. ಊರು ಬದಲಾಯಿತು, ಗಿರಾಕಿಯ ತಲೆ ಬದಲಾಗಲಿಲ್ಲ. ಮೊಬೈಲಿನಲ್ಲಿ ಕಂಡದ್ದೆಲ್ಲ ಫೋಟೋ, ಬೆರಳಿಟ್ಟು ಒತ್ತಿದ್ದೆಲ್ಲ ಸೇವ್ ಎಂದು ತಿಳಿದವರು ಇರುವತನಕ ನನಗೆ ನಗೆಯ ಬರಗಾಲವಿಲ್ಲ.

ಚೌಕಳಿ ಸಿಂಹ

ಗೋಕಾಕಿನಲ್ಲಿ ಒಬ್ಬ ಮರಿಪುಢಾರಿ ತನ್ನ ಹುಟ್ಟುಹಬ್ಬದ ಬ್ಯಾನರ್ ಮಾಡಿಸಲು ಬಂದ. ಕೆಳಗೆ ಹಿಂಬಾಲಕರ ಸಾಲು ಸಾಲು ತಲೆ, ನಡುವೆ ತಾನು, ತನ್ನ ಹಿಂದೊಂದು ಸಿಂಹ ಇರಬೇಕು. ಸಿಂಹವನ್ನು ಸ್ವತಃ ನೆಟ್ಟಿನಿಂದ ಇಳಿಸಿಕೊಂಡು ಬಂದಿದ್ದ. ಅದರ ಬೆನ್ನ ಹಿಂದೆ ಬೂದು ಬಿಳಿ ಚೌಕಳಿ.

"ಇದು ಪಿಎನ್‌ಜಿ ಅಲ್ರಿ ಸಾಹೇಬ್ರ, ಜೆಪಿಜಿ," ಎಂದೆ. "ಖರೆ ಪಿಎನ್‌ಜಿ ಆಗಿದ್ರ ಹಿಂದಿನ ಜಾಗಾ ಖಾಲಿ ಇರತಿತ್ತು. ಇದರಾಗ ಚೌಕಳಿನೂ ಚಿತ್ರದಾಗನ ಕುಂತೈತಿ. ಹಂಗ ಅಚ್ಚಾಗತೈತಿ."

"ಏ, ನಮ್ಮ ಹುಡುಗರು ಹೇಳ್ಯಾರ, ಪ್ರಿಂಟಿನ್ಯಾಗ ಅದು ಹೋಗತೈತಿ. ನೀ ಹೊಡಿ."

ಹೊಡೆದೆ. ಬಸ್ ಸ್ಟ್ಯಾಂಡಿನ ಎದುರು ಸಿಂಹ ಬಚ್ಚಲುಮನೆಯ ಟೈಲ್ಸ್ ಗೋಡೆಗೆ ಒರಗಿ ನಿಂತಂತೆ ಕಂಡಿತು. ಪುಢಾರಿ ಜಗಳಕ್ಕೆ ಬರುತ್ತಾನೆಂದು ಕಾದೆ. ಬಂದವನು ಅವನ ಎದುರು ಪಾರ್ಟಿಯವ.

"ನಮ್ಮ ಹುಲಿಗೂ ಆ ಚೌಕಳಿ ಹಾಕ್ರಿ. ಅವನಕ್ಕಿಂತ ದೊಡ್ಡ ದೊಡ್ಡ ಬರಲಿ."

ಬಾಲ ಬದಲಿಸುವ ವಿದ್ಯೆ

ಮೂಡಲಗಿಯಲ್ಲಿ ನಾನಿದ್ದ ಝೆರಾಕ್ಸ್ ಅಂಗಡಿಯ ಮಾಲಕನಿಗೆ ಆನ್‌ಲೈನ್ ಅರ್ಜಿ ತುಂಬುವುದರಲ್ಲಿ ಭಾರಿ ಹೆಸರು. ಸೈಟು ಪಿಡಿಎಫ್ ಕೇಳಿದರೆ ಸಾಕು, ಫೋಟೋದ ಹೆಸರಿನ ಬಾಲದಲ್ಲಿದ್ದ ಜೆಪಿಜಿ ಅಳಿಸಿ ಪಿಡಿಎಫ್ ಎಂದು ಬರೆದು ಮೇಲೇರಿಸುತ್ತಿದ್ದ. ಸೈಟು ಅದನ್ನು ತಿರುಗಿ ಎಸೆಯುತ್ತಿತ್ತು. "ಸರ್ವರ್ ಡೌನ್ ಐತ್ರಿ" ಅನ್ನುತ್ತಿದ್ದ. ಸರತಿಯಲ್ಲಿ ನಿಂತವರು ಸರ್ಕಾರವನ್ನು ಬೈದು ಚಹಾ ಕುಡಿಯಲು ಹೋಗುತ್ತಿದ್ದರು.

"ಕಾಕಾ, ಹೆಸರು ತಿದ್ದಿದ್ರ ಫೈಲ್ ಬದಲಿ ಆಗೂದಿಲ್ರಿ," ಎಂದೆ ಒಂದು ದಿನ. "ಪಿಡಿಎಫ್ ಅಂತ ಬ್ಯಾರೆನ ಸೇವ್ ಮಾಡಬೇಕು. ಎಮ್ಮಿನ್ನ ಆಕಳಂತ ಕರದ್ರ ಆಕಳಾಗತೈತೇನು?"

"ಸೈಟಿಗೆ ಏನ್ ತಿಳೀತೈತಿ? ಅದೇನ್ ಹಿಂಡಿ ನೋಡತೈತೇನೋ?"

ಹಿಂಡಿ ನೋಡಿದ್ದಕ್ಕೇ ಒದೆ ಬೀಳುತ್ತಿತ್ತು ಎಂದು ತಿಳಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಹುಕ್ಕೇರಿ ಬಸ್ಸು ಹತ್ತಿದೆ.

ಯಮಕನಮರಡಿಯ ಹೆಣ್ಣು

ಹುಕ್ಕೇರಿಯ ಸ್ಟುಡಿಯೋಕ್ಕೆ ದಡ್ಡಿಯ ಕಡೆಯ ಒಬ್ಬ ಕುರಿಗಾರ ಹುಡುಗ ಸೋದರಮಾವನ ಜೊತೆ ಬಂದ. ನೋಡಿದ ಹೆಣ್ಣುಗಳೆಲ್ಲ ಅವನನ್ನು ಒಲ್ಲೆ ಎಂದಿದ್ದವು. ಈಗ ಯಮಕನಮರಡಿಯ ಒಂದು ಮನೆಯವರು ಫೋಟೋ ಕೇಳಿದ್ದರು. "ಇದೂ ತಪ್ಪಿದ್ರ ನಾ ಕುರಿ ಹಿಂದನ ಮುದುಕ ಆಗ್ತೇನ್ರಿ," ಎಂದ ಹುಡುಗ.

ಚೊಕ್ಕ ಫೋಟೋ ತೆಗೆದು ಮಾವನ ಮೊಬೈಲಿಗೆ ಹಾಕಿ ಹೇಳಿದೆ: "ಇದನ್ನ ವಾಟ್ಸಾಪ್‌ನ್ಯಾಗ ಡಾಕ್ಯುಮೆಂಟ್ ಅಂತನ ಕಳಸ್ರಿ. ಬರೇ ಫೋಟೋ ಅಂತ ಕಳಿಸಿದ್ರ ದಾಟಿದಲ್ಲೆಲ್ಲ ಒಂದೀಟು ಸವೀತೈತಿ."

"ನಮಗ ತಿಳೀತೈತೋ," ಎಂದ ಮಾವ. ತಿಳಿದವನು ಸ್ಕ್ರೀನ್‌ಶಾಟ್ ಹೊಡೆದು ಹೆಂಡತಿಗೆ ಕಳಿಸಿದ. ಅವಳು ತನ್ನ ಮೊಬೈಲಿನ ಮೇಲೆ ಇನ್ನೊಂದು ಮೊಬೈಲ್ ಹಿಡಿದು ಫೋಟೋ ತೆಗೆದು ಹಿಡಕಲ್ಲಿನ ತಂಗಿಗೆ ಕಳಿಸಿದಳು. ತಂಗಿ ಮತ್ತೆ ಸ್ಕ್ರೀನ್‌ಶಾಟ್. ಯಮಕನಮರಡಿ ಮುಟ್ಟುವಷ್ಟರಲ್ಲಿ ಹುಡುಗನ ಮುಖದ ಕಲೆ ಅಳಿಸಿತ್ತು, ಬಣ್ಣ ತಿಳಿಯಾಗಿತ್ತು, ನಾಲ್ಕೆಳೆ ಮೀಸೆ ಹರಡಿ ದಟ್ಟವಾಗಿತ್ತು. "ಹುಡುಗನ ಮಾರಿ ರಾಜಾನಂಗ ಐತಿ, ಕರಕೊಂಡು ಬರ್ರಿ," ಎಂದು ಹೆಣ್ಣಿನ ಕಡೆಯವರು ಹೇಳಿ ಕಳಿಸಿದರು.

ಮಾವ ಓಡಿ ಬಂದ. "ತಮ್ಮಾ, ಫೋಟೋ ಪಾಸಾಗೇತಿ. ಈಗ ಹುಡುಗನ್ನ ಅದರಂಗ ಮಾಡಾಕ ಏನರ ಐತೇನು?"

"ಅವನ್ನೂ ಮೊಬೈಲಿನ್ಯಾಗ ಹಾಕಿ ಕಳಸ್ರಿ. ಮುಟ್ಟೂದ್ರಾಗ ತಾನ ಬೆಳ್ಳಗಾಗ್ತಾನ."

ಮಾವ ಅದನ್ನೂ ಒಂದು ಗಳಿಗೆ ವಿಚಾರ ಮಾಡಿದ. ಆಮೇಲೆ, "ನೀನೂ ಬಾ. ತಕರಾರು ಬಂದ್ರ ಫೋಟೋ ನಾನ ಕೆಡಿಸೇನಿ ಅನ್ನು," ಎಂದು ನನ್ನನ್ನೂ ಎಳೆದುಕೊಂಡು ಹೋದ.

ಹುಡುಗಿ ಚಹಾ ತಂದಳು. ಅವಳ ಫೋಟೋವೂ ಅದೇ ತಂಗಿ, ಅದೇ ಹೆಂಡತಿ, ಅದೇ ಮಾವನ ಹಾದಿಯಲ್ಲಿ ಬಂದಿತ್ತು. ಹುಡುಗ ನೋಡಿದ್ದೆಂದರೆ ಒಂದು ಹಳದಿ ಸೀರೆ, ಅದರ ಮೇಲೊಂದು ದುಂಡನೆಯ ಬೆಳಕು. ಅವಳು ಹುಡುಗನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

"ಫೋಟೋದಾಗಿದ್ದವ್ರು ಬರಲಿಲ್ಲೇನ್ರಿ?"

ಮಾವ ಚಹಾದ ಬಸಿ ಕೆಳಗಿಟ್ಟ. ನನ್ನ ಕಡೆ ಕಣ್ಣು ಹಾಯಿಸಿದ. ನಾನು ಅವಲಕ್ಕಿಯಲ್ಲಿ ಶೇಂಗಾ ಹುಡುಕುತ್ತಿದ್ದೆ. ಬಂದಾಗಿನಿಂದ ನೆಲ ನೋಡುತ್ತಿದ್ದ ಹುಡುಗ ತಲೆ ಎತ್ತಿದ.

"ಬಂದಿದ್ದನ್ರಿ. ನಿಮ್ಮ ಫೋಟೋದಾಗಿನಾಕಿನ್ನ ಹುಡುಕಾಕ ಹೋಗ್ಯಾನ."

ಹುಡುಗಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ತಾಯಿಗೆ ಹೇಳಿದ್ದು ಪಡಸಾಲೆಗೆಲ್ಲ ಕೇಳಿಸಿತು: "ಅಂವ ತಿರುಗಿ ಬರೂದ್ರಾಗ ಇವ್ರನ್ನ ಗಟ್ಟಿ ಮಾಡ್ರಿ."

ಎಲ್ಲರೂ ನಕ್ಕರು, ಸಕ್ಕರೆ ಹಂಚಿದರು. ಮಾವ ಒಬ್ಬನೇ ಬಾಗಿಲಿಗೆ ಹೋಗಿ, ಹಾದಿಯ ಆಚೆ ಈಚೆ ನೋಡಿ ಬಂದು, ನನ್ನ ಕಿವಿಯಲ್ಲಿ ಕೇಳಿದ:

"ಖರೆ ಹೇಳು, ನಮ್ಮ ಗಾಡ್ಯಾಗ ಬಂದಿದ್ದ ಆ ಇನ್ನೊಬ್ಬ ಯಾರು?"