ಹುಡುಕಿದವರಿಗೆ ಸಿಕ್ಕದ ಖಾನಾವಳಿ

ಮನುಷ್ಯ ಇದ್ದರೆ ಸಾಲದು, ಕಾಣಿಸಬೇಕು ಎನ್ನುವ ಕಾಲ ಇದು. ನನ್ನಂಥವನಿಗೆ ಇದು ಕಷ್ಟ. ಮದುವೆಮನೆಯ ಗ್ರೂಪ್ ಫೋಟೋದಲ್ಲೂ ನಾನು ಯಾರದೋ ಪೇಟಾದ ಹಿಂದೆ ಅರ್ಧ ಕಿವಿಯಷ್ಟೇ ಇರುತ್ತೇನೆ. ಅಂಥವನು ಹೆಂಡತಿಯ ಖಾನಾವಳಿಯನ್ನು ಜಗತ್ತಿಗೆ ಕಾಣಿಸಲು ಹೊರಟೆ. ಏನಾಯಿತೆಂದು ನೀವು ಊಹಿಸಬಲ್ಲಿರಿ. ಆದರೂ ಹೇಳುತ್ತೇನೆ, ಹೇಳಿಕೊಳ್ಳದೆ ಊಟ ಸೇರುತ್ತಿಲ್ಲ.

ನಾವು ಧಾರವಾಡದ ಕಡೆಯವರು. ನಾನು ಗೋವಾದ ವೆರ್ಣಾದಲ್ಲಿ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ. ಹತ್ತಿರದಲ್ಲೇ ಮನೆ. ಅದರ ಮುಂದಿನ ಕೋಣೆಯಲ್ಲಿ ಹೆಂಡತಿ ಗಿರಿಜಾ ಖಾನಾವಳಿ ನಡೆಸುತ್ತಿದ್ದಳು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅಪ್ಪಟ ಶಾಕಾಹಾರ. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ವಿಜಯಪುರದ ಕಡೆಯ ಕೆಲಸಗಾರರು ಕಂಪನಿ ಬಸ್ಸಿನಿಂದ ನಮ್ಮ ಮನೆಯೆದುರೇ ಇಳಿಯುತ್ತಿದ್ದರು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಒಳಗೆ ಬರುತ್ತಿದ್ದರು. ಈ ವರ್ಷ ರಸ್ತೆ ಅಗೆದರು, ಬಸ್ಸು ಬೇರೆ ದಾರಿ ಹಿಡಿಯಿತು, ಬೆಂಚುಗಳು ಖಾಲಿಯಾದವು.

"ಶ್ರಾವಣ ಮುಗಿಯೂತನಕ ನೋಡ್ತೇನ್ರಿ. ಮಂದಿ ಬರಲಿಲ್ಲಂದ್ರ ಬಾಗಲಾ ಹಾಕೂದ," ಎಂದಳು ಗಿರಿಜಾ. ಅಳಲಿಲ್ಲ. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು.

ನಾನು ಮೊಬೈಲು ಹಿಡಿದೆ. ವಿಡಿಯೋ ನೋಡಿ ನೋಡಿ ಸರ್ಚ್ ಎಂಜಿನ್ನಿನ ಶಾಸ್ತ್ರ ಕಲಿತೆ. ಜನ ಏನು ಟೈಪ್ ಮಾಡುತ್ತಾರೋ ಆ ಪದ ನಮ್ಮ ಪುಟದಲ್ಲಿರಬೇಕು. ಅದಕ್ಕೆ ಕೀವರ್ಡ್ ಎನ್ನುತ್ತಾರೆ. ಮೊದಲ ಪುಟದಲ್ಲಿ ಬಾರದವನು ಇಲ್ಲದವನಿಗೆ ಸಮ. ಹೆಸರು, ಫೋಟೋ, ನಕ್ಷೆ ಎಲ್ಲ ಹಾಕಿದೆ, ಹಾಕಿದ್ದು ಬಂತೇ ಎಂದು ಹೊತ್ತಿಲ್ಲದ ಹೊತ್ತಿನಲ್ಲಿ ಹುಡುಕತೊಡಗಿದೆ. ಬಲುಬೇಗ ನಾವೇ ಮೊದಲಿಗರಾದೆವು. ಹಿಗ್ಗಿ ಗಿರಿಜಾಳ ಮೊಬೈಲಿನಲ್ಲಿ ತೋರಿಸಲು ಹೋದರೆ ನಾವು ಎಲ್ಲೂ ಇರಲಿಲ್ಲ. ಸದಾ ಹುಡುಕುವವನ ಮುಂದೆ ಅವನಿಗೆ ಬೇಕಾದದ್ದನ್ನೇ ಸರ್ಚ್ ಎಂಜಿನ್ನು ಇಡುತ್ತದಂತೆ. ಅಷ್ಟು ಮುಖಸ್ತುತಿ ನನಗೆ ಯಾರೂ ಮಾಡಿರಲಿಲ್ಲ.

ಗೋವಾದಲ್ಲಿ ಊಟ ಹುಡುಕುವವರು ಏನು ಬರೆಯುತ್ತಾರೆ? ಫಿಶ್ ಥಾಲಿ. ನಾನೂ ಬರೆದೆ: ಫಿಶ್ ಥಾಲಿ, ಫಿಶ್ ಕರಿ ರೈಸ್, ತಾಜಾ ಮೀನು. ಬಡಿಸುತ್ತೇವೆ ಎಂದಲ್ಲ, ಪದಗಳಿರಲಿ ಎಂದು. ಬಂದವರು ಒಮ್ಮೆ ಎಣ್ಣೆಗಾಯಿ ತಿಂದರೆ ಮೀನು ಮರೆಯುತ್ತಾರೆ ಎಂಬ ನಂಬಿಕೆ ನನ್ನದು. ಮಂದಿ ಬಂದರು. ಬಾಡಿಗೆ ಸ್ಕೂಟರಿನ ಪ್ರವಾಸಿಗಳು, ಹಣೆತುಂಬ ವಿಭೂತಿ ಹಚ್ಚಿಕೊಂಡ ಗಿರಿಜಾಳನ್ನು ಸುರ್ಮಯಿ ಮೀನಿನ ಫ್ರೈ ಇದೆಯೇ ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಬದನೆಕಾಯಿ ನೋಡಿದೆ. ಹೋದವರು ಒಂದೊಂದೇ ನಕ್ಷತ್ರ ಕೊಟ್ಟು, ಮೀನಿಲ್ಲದ ಮೋಸದ ಹೋಟೆಲ್ಲು ಎಂದು ಬರೆದರು. ಉಂಡವರಿಗೆ ಇನ್ನೊಂದು ರೊಟ್ಟಿ ಒತ್ತಾಯ ಮಾಡಿ ಹಾಕುವವಳಿಗೆ ಮೋಸದ ಹೆಸರು ತಂದೆನಲ್ಲ ಎಂದು ನನಗೆ ಬಹಳ ಸಂಕಟವಾಯಿತು. ಶ್ರಾವಣ ಮುಗಿದ ದಿನ ಅವಳು ಬೆಂಚುಗಳನ್ನು ಗೋಡೆಗೆ ಒರಗಿಸಿದಳು.

ಅಲ್ಲಿಯವರೆಗೆ ಮಧ್ಯಾಹ್ನ ಮನೆಗೇ ಹೋಗಿ ಉಣ್ಣುತ್ತಿದ್ದೆ. ಆ ಬೆಂಚುಗಳನ್ನು ನೋಡುತ್ತ ತುತ್ತು ಇಳಿಯುತ್ತಿರಲಿಲ್ಲ. ಚೌತಿ ಕಳೆದ ಮೇಲೆ ಒಂದು ದಿನ ಆಫೀಸಿಗೇ ಡಬ್ಬಿ ತಂದೆ. ಪಕ್ಕದ ಮೇಜಿನ ನಾಯಕ್ ಮೀನಿನ ಡಬ್ಬಿ ಬಿಚ್ಚಿಕೊಂಡು ಪರಮಸಂತೋಷದಲ್ಲಿದ್ದ. ಕಾರವಾರದವನು. ಶ್ರಾವಣದಿಂದ ಹಿಡಿದು ಚೌತಿಯವರೆಗೆ ಅವನು ಮೀನು ಮುಟ್ಟುವುದಿಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಹಾಗೆಯೇ. ತನ್ನ ಹೆಂಡತಿ ತವರಿಗೆ ಹೋಗಿದ್ದಳು, ಕ್ಯಾಂಟೀನಿನಲ್ಲಿ ಮೀನಿಗೆ ಹಾಕಿದ ಸೌಟನ್ನೇ ಸಾರಿಗೂ ಹಾಕುತ್ತಾರೆ, ಹೀಗಾಗಿ ತಾನೂ ಗೆಳೆಯರೂ ಪಾವ್ ತಿಂದುಕೊಂಡೇ ದಿನ ದೂಡಿದ್ದಾಗಿ ಹೇಳಿದ.

"ಶಾಕಾಹಾರಿ ಊಟ ಅಂತ ಮೊಬೈಲಲ್ಲಿ ಎಷ್ಟು ಹುಡುಕಿದ್ವಿ ಮಾರಾಯ್ರೆ. ಒಂದು ರೊಟ್ಟಿ ಖಾನಾವಳಿ ಬಂತು, ನೋಡಿದ್ರೆ ಅದ್ರಲ್ಲೂ ಬರೀ ಮೀನು. ಬಿಟ್ವಿ."

ಇಷ್ಟು ವರ್ಷ ಅವನ ಪಕ್ಕ ಕೂತಿದ್ದೇನೆ. ಹೆಂಡತಿ ಖಾನಾವಳಿ ನಡೆಸುತ್ತಾಳೆಂದು ಒಮ್ಮೆಯೂ ಹೇಳಿರಲಿಲ್ಲ. ಆಫೀಸಿನವರು ಏನಂದುಕೊಂಡಾರೋ ಎಂಬ ಸಂಕೋಚ. ಇಡೀ ಜಗತ್ತಿಗೆ ಸಾರಲು ಹೊರಟವನು ನಾನೇ. ಡಬ್ಬಿ ಬಿಚ್ಚಿದೆ. ನಾಯಕ್ ಸಲುಗೆಯಿಂದ ಒಂದು ಚೂರು ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ ಬಾಯಿಗಿಟ್ಟುಕೊಂಡ. ಇನ್ನೊಂದು ಚೂರಿಗೆ ಕೈ ಹಾಕುತ್ತ, "ಎಲ್ಲಿಂದ ತರಿಸಿದ್ರಿ ಇದನ್ನ?" ಎಂದ.

ನನ್ನ ಹೆಂಡತಿ ಮಾಡಿದ್ದು ಎಂದೆ. ಅಷ್ಟು ಹೇಳಲು ನನಗೆ ಶ್ರಾವಣ ಮುಗಿಯಬೇಕಾಯಿತು.